ನಡುಗಡ್ಡಿ ಕಲ್ಲು

ಮುರ್ತುಜಸಾಬ ಬಕೀಟು ಬಗ್ಗಿಸಿ ಕಲ್ಲಿನ ಮೇಲೆ ನೀರು ಸುರುವಿದ್ದೇ ತಡ, ಹುಳಗಳೆಲ್ಲ ಎದ್ದು ಕಂಡವು.

ಮಹೇಶ್ವರಿ ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದಳು. ತಿಂಗಳ ಹಿಂದೆ ಇಳಕಲ್ಲಿನ ಇದೇ ಪಾಲಿಶ್ ಫ್ಯಾಕ್ಟರಿಯ ಅಂಗಳದಲ್ಲಿ ನಿಂತು ತಾನು ಆರಿಸಿದ್ದು ಬೇರೆ ಕಲ್ಲೇ ಇರಬೇಕು ಅನ್ನಿಸಿತು. ಅದು ಜೋಳದ ಹಿಟ್ಟು ಮೆತ್ತಿಕೊಂಡಂತೆ ಬೆಳ್ಳಗೆ, ಸಪ್ಪಗೆ ಇತ್ತು. ಒಂದು ಗೆರೆಯಿಲ್ಲ, ಒಂದು ಚುಕ್ಕೆಯಿಲ್ಲ. ಗಂಡನ ಸಮಾಧಿಯ ಮೇಲೆ ಹಾಸಲು ಇದೇ ಬೇಕೆಂದು ಅಂದೇ ಗಟ್ಟಿ ಮಾಡಿ ಹೋಗಿದ್ದಳು. ಈಗ ನೋಡಿದರೆ ಕಲ್ಲಿನ ಮೈತುಂಬ ಸುರುಳಿ ಸುರುಳಿ. ಉಗುರಿನಷ್ಟು ಸಣ್ಣವು, ಹೆಬ್ಬೆರಳಿನಷ್ಟು ದಪ್ಪನೆಯವು, ಬಾಲ ಚೂಪಾದವು, ನಡುವೆಯೇ ಸೀಳಿಕೊಂಡು ಒಳಗಿನ ಸುತ್ತುಗಳನ್ನೆಲ್ಲ ತೆರೆದು ಬಿದ್ದವು. ನೀರು ಹರಿದಂತೆಲ್ಲ ಹೊಸ ಹೊಸವು ಕಾಣುತ್ತಿದ್ದವು.

"ಇವೇನ್ರಿ ಸಾಬ್ರ?"

"ಶಂಖದ ಹುಳ ನೋಡ್ರಿ ವೈನಿ. ಬಸವನ ಹುಳ ಅಂತೀರಲ್ಲ, ಅವ. ಇವು ಸಮುದ್ರದಾನವು."

"ಹುಳಾ?"

"ಜೀವಂತ ಅಲ್ಲರಿ ಮತ್ತ!" ಮುರ್ತುಜಸಾಬ ನಗಲು ನೋಡಿದ, ಅವಳ ಮುಖ ಕಂಡು ನಗುವನ್ನು ಅರ್ಧಕ್ಕೇ ನುಂಗಿಕೊಂಡ. "ಎಂದೋ ಸತ್ತ ಕಲ್ಲಾಗ್ಯಾವ. ಕೊರದಾಗ ಮ್ಯಾಲೆ ಧೂಳ ಕುಂತಿರತೈತಿ, ಏನೂ ಕಾಣಂಗಿಲ್ಲ. ಪಾಲಿಶ್ ಹಿಡದ ಮ್ಯಾಲೆ ಹೊರಗ ಬೀಳ್ತಾವ. ನಮಗ ಗ್ರಾನೈಟ್ ರೂಢಿ ರಿ. ಈ ಕಲ್ಲಿನ ಗುಣಾ ನನಗೂ ಗೊತ್ತಿದ್ದಿಲ್ಲ, ನಿಮ್ಮಾಣಿ."

"ಇನ್ನೊಂದ ಪದರ ತಗದ್ರ ಹೋಗ್ತಾವೇನ್ರಿ?"

"ಇವು ಹೋಗ್ತಾವ. ಕೆಳಗಿನ್ವು ಬರ್ತಾವ."

"ಮಗ್ಗಲಾ ಬದಲಿ ಮಾಡಿದ್ರ?"

"ಆ ಮಗ್ಗಲಕ್ಕ ಇದಕ್ಕಿಂತ ಹೆಚ್ಚದಾವ ರಿ," ಎಂದು ಮುರ್ತುಜಸಾಬ ತಪ್ಪು ತನ್ನದೇ ಎಂಬಂತೆ ತಲೆ ಕೆರೆದುಕೊಂಡ. ಅವನೂ ಮಹೇಶ್ವರಿಯ ಗಂಡ ಅನಿಲಕುಮಾರನೂ ಕಾಲೇಜಿನಲ್ಲಿ ಒಂದೇ ತಂಡದಲ್ಲಿ ವಾಲಿಬಾಲ್ ಆಡಿದವರು. ಗೆಳೆಯನ ಸಮಾಧಿಯ ಕಲ್ಲು ತನ್ನ ಫ್ಯಾಕ್ಟರಿಯದೇ ಆಗಬೇಕೆಂದು ಹಟ ಹಿಡಿದವನೂ ಅವನೇ. ಒಂದು ಒಳ್ಳೆಯದು ಮಾಡಲು ಹೋಗಿ ಹಿಂಗಾಯಿತಲ್ಲ ಎಂದು ಪಾಪ, ಅವನಿಗೆ ಕೈಕಾಲು ಆಡದಾಗಿತ್ತು.

ಮಹೇಶ್ವರಿಗಂತೂ ಏನು ಮಾಡಬೇಕೆಂಬುದೇ ತೋಚಲಿಲ್ಲ. ಅನಿಲಕುಮಾರ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಮಕ್ಕಳಿಗೆ ಮೊಟ್ಟೆ ಹಂಚುವ ಕೆಲಸ ಅವನ ಪಾಲಿಗೆ ಬಂದಿತ್ತು. ಒಂದು ದಿನವೂ ಗೊಣಗದೆ ಹಂಚುತ್ತಿದ್ದ, ಒಲ್ಲೆನೆಂದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಿದ್ದ. ಆದರೆ ಆ ದಿನ ಮನೆಗೆ ಬಂದು ಮತ್ತೊಮ್ಮೆ ಜಳಕ ಮಾಡದ ಹೊರತು ಕೊರಳಿನ ಲಿಂಗ ಮುಟ್ಟುತ್ತಿರಲಿಲ್ಲ. ಅಂಥವನ ಎದೆಯ ಮೇಲೆ ಈ ಸತ್ತ ಹುಳಗಳ ರಾಶಿ ಹೊರಿಸುವುದೇ? ಸೋಮವಾರ ವರ್ಷದ ಪುಣ್ಯತಿಥಿ. ಸ್ವಾಮಿಗಳು ಬರುವವರಿದ್ದಾರೆ, ಬೀಗರು ಬರುವವರಿದ್ದಾರೆ. ಭಾವ ಅಮರೇಶ, ಗಂಡನ ದೊಡ್ಡಪ್ಪನ ಮಗ, ಮೊದಲಿನಿಂದಲೂ, "ಸುಮ್ಮ ಕರೀ ಗ್ರಾನೈಟ್ ಹಾಕ್ರಿ, ನಾಕ ಮಂದಿ ಹಾಕಿದಂಗ," ಎಂದು ಹೇಳುತ್ತಲೇ ಬಂದಿದ್ದ. ಅವನು ಬಂದು ಈ ಕಲ್ಲಿನ ಮುಂದೆ ನಿಂತರೆ ಏನು ಹೇಳುತ್ತಾನೆಂಬುದು ಅವಳ ಕಿವಿಗೆ ಈಗಲೇ ಕೇಳುತ್ತಿತ್ತು.

ಆದರೂ ಭಾವನ ಮಾತು ದೊಡ್ಡದಲ್ಲ, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಬಹುದು. ಅವಳಿಗೆ ಹೆದರಿಕೆಯಿದ್ದದ್ದು ಅತ್ತೆ ಶಿವಲಿಂಗವ್ವನದು. ಅತ್ತೆ ಬೈಯುತ್ತಾಳೆಂದಲ್ಲ. ಅತ್ತೆ ಮತ್ತೆ ಮಾತು ಬಿಡುತ್ತಾಳೆಂದು.

ಎಡವಟ್ಟಾಗಿದ್ದು ಒಂದೇ ಒಂದು ಮಾತಿನಿಂದ. ತಿಂಗಳ ಹಿಂದೆ ಈ ಕಲ್ಲು ತೋರಿಸುವಾಗ ಮುರ್ತುಜಸಾಬ, "ಇದು ನಡುಗಡ್ಡಿ ಕಲ್ಲರಿ ವೈನಿ, ಇಂಥಾದ್ದು ನಮ್ಮ ಕಡೆ ಸಿಗೂದಿಲ್ಲ," ಎಂದಿದ್ದ. ಅವನ ಗ್ರಾನೈಟು ಕೊಳ್ಳುವ ಪರದೇಶದ ಪಾರ್ಟಿಯೊಂದು ತಮ್ಮ ಕಡೆಯ ಕಲ್ಲಿನ ನಾಲ್ಕು ಚಪ್ಪಡಿಗಳನ್ನು ನೋಡಲೆಂದು ಕಳಿಸಿತ್ತು. ಎಲ್ಲಿಯದೋ ಸಮುದ್ರ, ಅದರ ನಡುವೆ ಯಾವುದೋ ನಡುಗಡ್ಡೆ. ಹೆಸರು ಹೇಳಲು ಹೋಗಿ ಮುರ್ತುಜಸಾಬನ ನಾಲಿಗೆ ಎರಡು ಸಲ ತೊಡರಿತು, ಮೂರನೆಯ ಸಲ ಅವನೇ ಕೈಬಿಟ್ಟ. ಮಹೇಶ್ವರಿ ಬಾಗಲಕೋಟೆಯ ನವನಗರದ ಮನೆಗೆ ಬಂದು, ರೊಟ್ಟಿ ಬಡಿಯುತ್ತ, ಬಾಗಿಲ ಬಳಿ ಕುಳಿತ ಅತ್ತೆಗೆ ಅದೇ ಮಾತನ್ನು ದಾಟಿಸಿದಳು.

"ಬಿಳೇ ಕಲ್ಲ ಆರಿಸಿ ಬಂದೀನ್ರಿ ಅತ್ತಿ. ನಡುಗಡ್ಡಿ ಕಲ್ಲಂತ."

ಬೇರೆಯವರ ಪಾಲಿಗೆ ನಡುಗಡ್ಡಿ ಎಂದರೆ ನೀರಿನ ನಡುವಿನ ನೆಲ, ಅಷ್ಟೇ. ಶಿವಲಿಂಗವ್ವನ ಪಾಲಿಗೆ ಲೋಕದಲ್ಲಿ ಇದ್ದದ್ದು ಒಂದೇ ನಡುಗಡ್ಡಿ. ಹಳೇ ಬಾಗಲಕೋಟೆಯ ಆಚೆ ಘಟಪ್ರಭೆಯ ದಂಡೆಗೆ ಅವರ ಹೊಲವಿತ್ತು. ಆಲಮಟ್ಟಿಯ ಹಿನ್ನೀರು ಏರಿ ಬಂದಾಗ ಸುತ್ತಲಿನ ಹೊಲವೆಲ್ಲ ಹೋಯಿತು, ಊರೊಳಗಿನ ಮನೆ ಹೋಯಿತು. ಹೊಲದ ನಡುವಿನ ದಿಬ್ಬವೊಂದು ಮಾತ್ರ ತಲೆ ಎತ್ತಿಕೊಂಡು ಉಳಿಯಿತು. ಮಂದಿ ಅದನ್ನು ನಡುಗಡ್ಡಿ ಎಂದು ಕರೆಯತೊಡಗಿದರು. ನೀರು ಬರುವ ಮುಂಚೆ ತೀರಿಕೊಂಡಿದ್ದ ಅವಳ ಗಂಡನ ಗದ್ದುಗೆ ಆ ದಿಬ್ಬದ ಇಳಿಜಾರಿನಲ್ಲಿತ್ತು. ಮೊದಮೊದಲು ಬೇಸಿಗೆಯಲ್ಲಿ ನೀರಿಳಿದಾಗ ಕಾಣುತ್ತಿತ್ತು. ಆಮೇಲೆ ಹೂಳು ತುಂಬಿತು. ಒಂದು ಬೇಸಿಗೆ ತಾಯಿ ಮಗ ಇಬ್ಬರೂ ಹೋಗಿ, ಒಣಗಿ ಬಿರಿದ ಕೆಸರಿನಲ್ಲಿ ಇಲ್ಲಿರಬೇಕು, ಅಲ್ಲಿರಬೇಕು ಎಂದು ಹೊತ್ತು ಮುಳುಗುವ ತನಕ ತಡಕಾಡಿ, ಊದುಬತ್ತಿಯನ್ನು ಎಲ್ಲಿ ಹಚ್ಚಬೇಕೋ ತಿಳಿಯದೆ ಹಾಗೇ ವಾಪಸು ತಂದಿದ್ದರು.

"ನಡುಗಡ್ಡೀದಾ? ನಮ್ಮ ನಡುಗಡ್ಡೀದಾ?" ಎಂದಳು ಶಿವಲಿಂಗವ್ವ.

ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ಮಹೇಶ್ವರಿ ಅದನ್ನು ಮಗುಚುವ ಗಡಿಬಿಡಿಯಲ್ಲಿ ಮಾತಿನ ಕಡೆ ಲಕ್ಷ್ಯವಿಲ್ಲದೆ "ಹೂನ್ರಿ" ಎಂದುಬಿಟ್ಟಳು. ಹಿಂದಕ್ಕೆ ಹೊರಳಿ ನೋಡಿದರೆ ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಾಳೆ. ಕಣ್ಣಲ್ಲಿ ನೀರು, ಮುಖದ ಮೇಲೆ ನಗು. ಮಗ ಹೋದಂದಿನಿಂದ ಹೂಂ, ಉಂಹೂಂ ಎಂಬೆರಡರಲ್ಲೇ ದಿನ ನೂಕುತ್ತಿದ್ದ ಮುದುಕಿ ಅವಳು. ಆ ಸಂಜೆ ಬಾಯಿ ಬಿಟ್ಟವಳು ರಾತ್ರಿ ಊಟದ ತನಕ ನಿಲ್ಲಿಸಲಿಲ್ಲ. ಆ ಹೊಲದ ಬಿಳಿಜೋಳದ ಎಳೆತೆನೆ ಸುಟ್ಟ ಸೀತನಿ ಎಷ್ಟು ಸವಿಯಿತ್ತು, ದಿಬ್ಬ ಹತ್ತಿ ನಿಂತರೆ ಹೊಳೆ ಹೆಂಗೆ ಕಾಣುತ್ತಿತ್ತು, ಸಣ್ಣಂದು ಅನಿಲ ಆ ದಿಬ್ಬದಿಂದ ಉರುಳಿ ಹಲ್ಲು ಮುರಿದುಕೊಂಡದ್ದು, ಒಂದಾದ ಮೇಲೊಂದು. ಮರುದಿನ ಅಕ್ಕಪಕ್ಕದವರನ್ನು ಕರೆಕರೆದು ಹೇಳಿದಳು. ಅಮರೇಶ ಫೋನಿನಲ್ಲಿ ಕರೀ ಕಲ್ಲಿನ ಸುದ್ದಿ ಎತ್ತಿದಾಗ, "ಕರೀ ಕಲ್ಲ ನಿನ್ನ ಅಡಗಿ ಮನಿ ಕಟ್ಟಿಗಿ ಹಾಕ್ಕೋ. ನನ್ನ ಮಗಗ ಊರ ಕಲ್ಲ ಸಿಕ್ಕೈತಿ," ಎಂದು ಖಡಕ್ಕಾಗಿ ಹೇಳಿ ಫೋನಿಟ್ಟಳು.

ಇಂಥ ಹೊತ್ತಿನಲ್ಲಿ ಯಾವ ಸೊಸೆಗೆ ಬಾಯಿ ಬರುತ್ತದೆ? ನಾಳೆ ಹೇಳಿದರಾಯಿತು ಎಂದುಕೊಂಡಳು ಮಹೇಶ್ವರಿ. ನಾಳೆಗೆ ನಾಳೆ ಸೇರಿ ತಿಂಗಳಾಯಿತು. ಮನೆಯಲ್ಲಿ ಮಾತು ತಿರುಗಿ ಬಂದದ್ದೇ ಅವಳಿಗೆ ದೊಡ್ಡದಾಗಿತ್ತು. ಹೊಲಿಗೆ ಮಷೀನಿನ ಮುಂದೆ ಕೂತು ಜಂಪರು ಹೊಲಿಯುತ್ತ ಅತ್ತೆಯ ಕತೆ ಕೇಳುವುದು ಎಷ್ಟು ಹಿತವಾಗಿತ್ತೆಂದರೆ, ಅದು ಸುಳ್ಳಿನ ಮೇಲೆ ನಿಂತದ್ದೆಂಬುದು ಒಮ್ಮೊಮ್ಮೆ ಅವಳಿಗೇ ಮರೆತುಹೋಗುತ್ತಿತ್ತು.

"ಹೆಸರ ಕೆತ್ತಸಲ್ಯೋ, ಬ್ಯಾಡೋ?" ಎಂದು ಮುರ್ತುಜಸಾಬ ಕೇಳಿದ.

"ಸಂಜಿಕ ಫೋನ್ ಮಾಡಿ ಹೇಳ್ತೇನ್ರಿ." ಅವಳು ಮೊಬೈಲಿನಲ್ಲಿ ಕಲ್ಲಿನ ಫೋಟೋ ಹೊಡೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟಳು.

ಬಸ್ಸು ಹುನಗುಂದ ದಾಟಿದ ಮೇಲೆ ಮಗಳು ಪದ್ಮಶ್ರೀಗೆ ಫೋಟೋ ಕಳಿಸಿದಳು. ಪದ್ಮಶ್ರೀ ಧಾರವಾಡದಲ್ಲಿ ಎಂ.ಎಸ್ಸಿ. ಓದುವ ಹುಡುಗಿ. ಕಳಿಸಿದ ಕ್ಷಣಕ್ಕೆ ಫೋನು ಬಂತು.

"ಮಮ್ಮಿ! ಎಲ್ಲಿ ಸಿಕ್ತು ಇದು? ಎಷ್ಟ ಛಲೋ ಫಾಸಿಲ್ ಅದಾವ!"

"ಛಲೋನೋ ಕೆಟ್ಟೋ, ಹುಳ ಅದಾವೋ ಇಲ್ಲೋ ಹೇಳು."

"ಇದ್ವು. ಭಾಳ ಹಿಂದಕ. ಕೋಟಿ ವರ್ಷ ಆಗಿರಬಹುದು ಮಮ್ಮಿ."

"ಕೋಟಿ ಹಾಳಾಗಿ ಹೋಗ್ಲಿ. ಮಾಂಸ ಐತೇನು ಅದರಾಗ?"

"ಮಮ್ಮಿ!" ಪದ್ಮಶ್ರೀ ಬಿದ್ದು ಬಿದ್ದು ನಕ್ಕಳು. "ಮಾಂಸ ಎಲ್ಲಿದು? ಅದರ ಚಿಪ್ಪ ಸುದ್ದಾ ಕಲ್ಲಾಗೇತಿ. ಸಮುದ್ರದ ತಳದಾಗ ಸತ್ತ ಬಿದ್ದಿದ್ವು, ಮ್ಯಾಲೆ ಸುಣ್ಣದ ಕೆಸರ ಕುಂತು ಗಟ್ಟಿ ಆತು. ಹುಳದ ಆಕಾರ ಅಷ್ಟ ಉಳದೈತಿ."

"ಅಂದ್ರ ಹುಳ ಇಲ್ಲ."

"ಇಲ್ಲ."

"ಮತ್ತ ಕಾಣಾಕತ್ತಾವಲ್ಲ?"

"ಅಯ್ಯ ಮಮ್ಮಿ, ಅದ... ಈಗ ನೋಡು, ಸಮುದ್ರದ ತಳಾ ಮೆಲ್ಲಕ ಮ್ಯಾಲೆ ಎದ್ದು ನಡುಗಡ್ಡಿ ಆತು ಅಂತ ತಿಳಿ. ತಳದಾಗಿದ್ದು..." ಅಷ್ಟರಲ್ಲಿ ಸಿಗ್ನಲ್ಲು ಹೋಯಿತು. ಮತ್ತೆ ಹಚ್ಚಿದರೆ ಹತ್ತಲಿಲ್ಲ.

ಇದ್ದವು, ಆದರೆ ಇಲ್ಲ. ಇಲ್ಲ, ಆದರೆ ಕಾಣುತ್ತವೆ. ಮಹೇಶ್ವರಿಗೆ ತಲೆ ಕೆಟ್ಟು ಗೊಬ್ಬರವಾಯಿತು. ಸ್ವಾಮಿಗಳು ಕೇಳಿದರೆ ಏನೆಂದು ಹೇಳುವುದು? ಹುಳದ ಹೆಸರಿನಲ್ಲೇ ಬಸವಣ್ಣನಿದ್ದಾನೆ, ಅದಕ್ಕೇ ತಂದೆ ಎನ್ನಲೇ? ಅಥವಾ ಹುಳ ಅಲ್ಲ, ಹುಳದ ಗುರುತು ಎನ್ನಲೇ? ಯೋಚನೆ ಮಾಡಿದಷ್ಟೂ ಗೋಜಲಾಗುತ್ತ ಹೋಯಿತು. ಕಮತಗಿ ಬಂದಾಗ ಕಡೆಗೊಂದು ನಿರ್ಧಾರಕ್ಕೆ ಬಂದಳು. ಇವತ್ತು ಎಲ್ಲವನ್ನೂ ಬಿಚ್ಚಿ ಹೇಳುವುದು. ಕಲ್ಲು ಪರದೇಶದ್ದು, ಅದರೊಳಗೆ ಸತ್ತ ಹುಳ ಇವೆ, ಬೇಡವೆಂದರೆ ಕರಿಯದನ್ನೇ ಹಾಕಿಸೋಣ ಎನ್ನುವುದು. ಮಾತು ಬಿಟ್ಟರೆ ಬಿಡಲಿ.

ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಶಿವಲಿಂಗವ್ವ ಕೈ ಚಾಚಿದಳು. "ಫೋಟೋ ತಂದೀಯಿಲ್ಲೋ? ಕೊಡಿಲ್ಲಿ." ಚಷ್ಮಾ ಹಾಕಿಕೊಂಡು ಮೊಬೈಲನ್ನು ಮೂಗಿನ ಹತ್ತಿರಕ್ಕೆ ಹಿಡಿದಳು. "ಯವ್ವಾ! ಬಸವನ ಹುಳ!"

ಮಹೇಶ್ವರಿ ಮೊಬೈಲು ತಿರುಗಿ ಇಸಿದುಕೊಳ್ಳಲು ಕೈ ಚಾಚಿದಳು.

"ನೀರಾಗ ಇಷ್ಟ ವರ್ಷ ಬಿದ್ದಿದ್ದ ಕಲ್ಲು, ಹುಳ ಕೂಡಲಾರದ ಏನ್ ಮಾಡ್ತಾವ?" ಶಿವಲಿಂಗವ್ವ ಫೋಟೋದ ಮೇಲೆ ಬೆರಳಾಡಿಸಿದಳು. "ಹೊಳಿ ಬಂದು ಹೊಕ್ಕ ಮ್ಯಾಲೆ ಪಾಪ, ಅವಕ್ಕೂ ಮನಿ ಬೇಕಲ್ಲ. ಹುಡುಕಿ ಹುಡುಕಿ ನಮ್ಮ ದಿಬ್ಬದಾಗ ಕುಂತಾವ. ಖರೇನ ನಮ್ಮ ಕಲ್ಲ ಐತಿದು. ಮನ್ನಿ ಎದುರು ಮನಿ ದಾನಮ್ಮ ಸಂಶೇ ಮಾಡಿದ್ಲು, ಆಕಿಗಿ ತೋರಸು."

"ಸತ್ತಾವಲ್ರಿ ಅತ್ತಿ ಇವು. ಅವರ ಮ್ಯಾಲೆ ಸತ್ತ ಹುಳ..."

"ಸತ್ತವರ ಮ್ಯಾಲೆ ಸತ್ತವು ಕುಂತ್ರ ಯಾರಿಗೇನ್ ತ್ರಾಸ? ನಾವೇನ್ ಅವನ್ನ ತಿನ್ನಾಕ ಹೊಂಟೀವೇನು?"

ಮಹೇಶ್ವರಿಗೆ ನಗು ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತಿನ ಗಂಟು ಎಲ್ಲಿ ಉದುರಿ ಹೋಯಿತೋ. ಯಾವ ಹುಳ ನೋಡಿ ಅತ್ತೆ ಕಲ್ಲನ್ನೇ ಬೇಡವೆನ್ನುತ್ತಾಳೆಂದು ಹೆದರಿದ್ದಳೋ ಅದೇ ಹುಳ ಸುಳ್ಳಿಗೆ ಸಾಕ್ಷಿಯಾಗಿ ಕೂತಿತ್ತು. ಅವಳು ಒಳಗೆ ಹೋಗಿ ಮುರ್ತುಜಸಾಬನಿಗೆ ಫೋನು ಮಾಡಿ ಹೆಸರು ಕೆತ್ತಿಸಿರಿ ಎಂದಳು. ಹೇಳಿದ ಮೇಲೆ ಹಗುರವೂ ಆಯಿತು, ಮಾಡಬಾರದ್ದು ಮಾಡಿದ ಹಾಗೂ ಆಯಿತು.

ಮರುದಿನ ಬೆಳಿಗ್ಗೆ ಜಳಕ ಮುಗಿಸಿದ ಶಿವಲಿಂಗವ್ವ ಎಡಗೈ ಮೇಲೆ ಲಿಂಗ ಹಿಡಿದು ಕೂತವಳು ಏಳಲೇ ಇಲ್ಲ. ವಿಭೂತಿ ಹಚ್ಚಿಲ್ಲ, ಹೂ ಏರಿಸಿಲ್ಲ. ಪೂಜೆಯಾಗದೆ ಬಾಯಿಗೆ ನೀರು ಹಾಕುವವಳಲ್ಲ ಅವಳು. ಉಪ್ಪಿಟ್ಟು ಆರಿ ತಣ್ಣಗಾಯಿತು. ಮಹೇಶ್ವರಿ ಎರಡು ಸಲ ಬಾಗಿಲಿಗೆ ಬಂದು ನೋಡಿ ಹೋದಳು.

"ಮಹೇಶ್ವರಿ," ಎಂದಳು ಅತ್ತೆ ಕಡೆಗೆ, ಕಣ್ಣು ತೆರೆಯದೆ. "ಆ ಕಲ್ಲ ಎಲ್ಲಿ ಅಗದ್ರು?"

"ಆಂ?"

"ಹೊಲದಾಗ ಇದ್ದದ್ದು ಎರಿ ಮಣ್ಣು. ಒಂದ ಹರಳ ಹುಡುಕಿದ್ರೂ ಸಿಗತಿದ್ದಿಲ್ಲ. ಕಲ್ಲ ಇದ್ರ ದಿಬ್ಬದಾಗಷ್ಟ. ದಿಬ್ಬ ಅಗದ್ರ... ಅಲ್ಲಿ ಮಲಗಿದ್ದ ಅವರು ಎಲ್ಲಿ ಹೋದ್ರು?"

ಮಹೇಶ್ವರಿಯ ಕೈಯೊಳಗಿನ ತಾಟು ಅಲ್ಲೇ ನಿಂತಿತು.

"ಮಷೀನ್ ಹಚ್ಚಿರ್ತಾರ," ಎಂದಳು ಶಿವಲಿಂಗವ್ವ. ಈಗ ಕಣ್ಣು ತೆರೆದಿದ್ದಳು. "ಮಷೀನಿಗೇನ್ ಗೊತ್ತಾಗತೈತಿ, ಮಣ್ಣ್ಯಾವುದು, ಎಲಬ ಯಾವುದು? ನಾ ಹುಚ್ಚಿ, ತಿಂಗಳಾತು ಊರ ಮಂದಿಗೆಲ್ಲ ಹೇಳಕೋತ ಕುಣದ್ಯಾಡೀನಿ. ಮಗನ ಎದಿ ಮ್ಯಾಲೆ ಹಾಕಾಕ ಅವನ ಅಪ್ಪನ ಗದ್ದಿಗಿ ಕೀಳಸಿದೆನೇನ ನಾನು?"

"ಹಂಗೇನ ಇಲ್ರಿ ಅತ್ತಿ..."

"ನಿನಗ ಹೆಂಗ ಗೊತ್ತು? ನೀ ನೋಡೀಯೇನು?" ಮುದುಕಿ ಲಿಂಗವನ್ನು ಕೊರಳಿಗೆ ಹಾಕಿಕೊಂಡು ಎದ್ದಳು. "ಸಾಬನ ಕೇಳೂಣು. ನಡಿ ಇಳಕಲ್ಲಿಗೆ."

ಆ ಗಳಿಗೆಯಲ್ಲಿ ಹೇಳಿಬಿಡಬಹುದಿತ್ತು. ಹೇಳಬೇಕಿತ್ತು ಕೂಡ. ಆದರೆ ಮಹೇಶ್ವರಿ ತಾಟನ್ನು ಒಳಗಿಟ್ಟು ಬಂದು ಬಾಗಿಲಿಗೆ ಬೀಗ ಹಾಕಿದಳು. ಖರೆ ಹೇಳಿದರೆ ಗದ್ದುಗೆಯ ಭಯ ಹೋಗುತ್ತದೆ, ಅದರ ಜೊತೆಗೆ ಊರ ಕಲ್ಲೂ ಹೋಗುತ್ತದೆ, ಸೊಸೆಯ ಮೇಲಿನ ನಂಬಿಕೆಯೂ ಹೋಗುತ್ತದೆ. ಹೇಳದಿದ್ದರೆ ಈ ಜೀವ ಇಲ್ಲೇ ಒಣಗುತ್ತದೆ. ಯಾವುದು ದೊಡ್ಡ ಪಾಪ ಎಂದು ತೂಗುತ್ತ ಅವಳು ಅತ್ತೆಯ ಹಿಂದೆ ಬಸ್ಸು ಹತ್ತಿದಳು. ಅತ್ತೆ ಪೂಜೆಯಿಲ್ಲದೆ, ತುತ್ತು ಅನ್ನವಿಲ್ಲದೆ, ಮುಂದಿನ ಸೀಟಿನ ಸರಳನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು. ಅಮೀನಗಡದಲ್ಲಿ ಬಸ್ಸು ನಿಂತಾಗ, "ಅತ್ತಿ, ಒಂದ ಮಾತು," ಎಂದಳು ಮಹೇಶ್ವರಿ. ಅತ್ತೆ ಹೊರಳಿ ನೋಡಿದ ರೀತಿಗೆ, "ಬಾಳಿಹಣ್ಣರೆ ತಿನ್ರಿ," ಎಂದು ಮುಗಿಸಿಬಿಟ್ಟಳು. ತನ್ನ ಹೇಡಿತನಕ್ಕೆ ತನಗೇ ಅಸಹ್ಯ ಬಂತು.

ಫ್ಯಾಕ್ಟರಿಯಲ್ಲಿ ಕೊರೆಯುವ ಮಷೀನು ಕಿವಿ ಹರಿಯುವ ಹಾಗೆ ಅರಚುತ್ತಿತ್ತು. ಕಲ್ಲು ಶೆಡ್ಡಿನ ಬಾಯಿಗೆ ಎರಡು ತೊಲೆಗಳ ಮೇಲೆ ಮಲಗಿತ್ತು. ಹೆಸರು ಕೆತ್ತಿ ಮುಗಿದಿತ್ತು. ಅದರ ಪುಡಿ ಮೇಲೆಲ್ಲ ಹರಡಿ ಹುಳಗಳು ಮರೆಯಾಗಿದ್ದವು. ಮುರ್ತುಜಸಾಬ ಗೆಳೆಯನ ತಾಯಿಯನ್ನು ಕಂಡವನೇ ಓಡಿ ಬಂದು ಬಗ್ಗಿ ಕೈಮುಗಿದ, ಕೂರಲು ಸ್ಟೂಲು ತರಿಸಿದ.

"ಯಪ್ಪಾ ಸಾಬ, ಈ ಕಲ್ಲ ಎಲ್ಲಿ ಅಗದ್ರಿ?" ಎಂದು ಶಿವಲಿಂಗವ್ವ ನಿಂತಲ್ಲೇ ಕೇಳಿದಳು.

"ಏನ್ರಿ ಅವ್ವಾರ?" ಮಷೀನಿನ ಸದ್ದಿಗೆ ಅವನಿಗೆ ಕೇಳಿಸಲಿಲ್ಲ, ಕಿವಿಗೆ ಕೈ ಹಚ್ಚಿದ.

ಇನ್ನೊಂದು ಉಸಿರಿನಲ್ಲಿ ಅತ್ತೆ ಮತ್ತೆ ಕೇಳುತ್ತಾಳೆ, ಅವನು ನಗುನಗುತ್ತ ಹೇಳಿಬಿಡುತ್ತಾನೆ. ಪರರ ಬಾಯಿಂದ ಗೊತ್ತಾಗಬಾರದು, ತಾನೇ ಹೇಳಬೇಕು. ಮಹೇಶ್ವರಿಗೆ ಆ ಹೊತ್ತಿಗೆ ತಿಳಿದದ್ದು ಅದೊಂದೇ. ಇಬ್ಬರ ನಡುವೆ ನುಗ್ಗಿ ಮಷೀನಿಗಿಂತ ಜೋರಾಗಿ ಒದರಿದಳು.

"ಅತ್ತೀ, ಅದು ನಮ್ಮ ನಡುಗಡ್ಡೀದ ಅಲ್ಲರಿ! ನಾ ನಿಮಗ ಸುಳ್ಳ ಹೇಳೀನಿ!"

ಬಂದವರಿಗೆ ಮಾತಾಡಲು ಅನುಕೂಲವಾಗಲೆಂದು ಒಳಗೆ ಯಾರೋ ಅದೇ ಗಳಿಗೆಗೆ ಮಷೀನು ಬಂದ್ ಮಾಡಿದ್ದರು. "ಸುಳ್ಳ ಹೇಳೀನಿ" ಎಂಬುದು ತಗಡಿನ ಶೆಡ್ಡಿಗೆಲ್ಲ ಕೇಳಿಸಿತು. ಕೆಲಸದವರು ಕೈ ನಿಲ್ಲಿಸಿ ಇತ್ತ ನೋಡಿದರು. ಮಹೇಶ್ವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಇದು ದೂರದ್ದರಿ," ಎಂದಳು, ಈಗ ಸಣ್ಣ ದನಿಯಲ್ಲಿ. "ಪರದೇಶದ್ದು. ಸಮುದ್ರದ ನಡುವಿನ ನಡುಗಡ್ಡಿ. ನಮ್ಮ ದಿಬ್ಬಾ ಯಾರೂ ಮುಟ್ಟಿಲ್ರಿ."

ಶಿವಲಿಂಗವ್ವ ಸೊಸೆಯ ಮುಖವನ್ನು, ಸಾಬನ ಮುಖವನ್ನು ನೋಡಿದಳು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತಳು.

"ಅವರನ್ನ ಯಾರೂ ಅಗದಿಲ್ಲ?"

"ಇಲ್ರಿ."

"ಹಂಗ ಅದಾರ?"

"ಹಂಗ ಅದಾರ್ರಿ ಅತ್ತಿ."

ಮುದುಕಿ ದೀರ್ಘವಾಗಿ ಉಸಿರು ಬಿಟ್ಟಳು. 'ಮಹಾದೇವಾ' ಎಂದಳು. ಎರಡೂ ಕೈಗಳಿಂದ ಮುಖ ಒರೆಸಿಕೊಂಡಳು. ಆಮೇಲೆ, "ಯಾಕ ಹೇಳಿದಿ ಸುಳ್ಳ?" ಎಂದು ಕೇಳಿದಳು. ಸಿಟ್ಟಿನ ದನಿಯಲ್ಲ. ಸಿಟ್ಟಾಗಿದ್ದರೆ ಎಷ್ಟೋ ಛಲೋ ಇತ್ತು.

"ನೀವು ಮಾತಾಡಾಕ ಚಾಲೂ ಮಾಡಿದ್ರಿ." ಮಹೇಶ್ವರಿಗೆ ಅಳು ಬಂತು, ಅಷ್ಟು ಗಂಡಸರ ಮುಂದೆ ನಾಚಿಕೆ ಬಿಟ್ಟು ಅತ್ತಳು. "ಇವರು ಹೋದ ಮ್ಯಾಲೆ ಮನ್ಯಾಗ ನಾವಿಬ್ಬರ. ನೀವೂ ಮಾತಾಡಲಿಲ್ಲಂದ್ರ ನಾ ಯಾರ ಜೋಡಿ ಇರ್ಲಿ? ಖರೆ ಹೇಳಿದ್ರ ಮತ್ತ ಸುಮ್ಮನ ಕುಂದರ್ತೀರಿ ಅಂತ ಅಂಜಿದ್ನಿರಿ."

ಶಿವಲಿಂಗವ್ವ ಕಲ್ಲಿನ ಕಡೆ ಹೊರಳಿದಳು. ಮಹೇಶ್ವರಿ ಕಾದಳು. ಬೈಗುಳಕ್ಕೆ ಕಾದಳು, ಸಮಾಧಾನಕ್ಕೆ ಕಾದಳು. ಎರಡೂ ಬರಲಿಲ್ಲ. ತಾನು ಹೇಳಿದ್ದು ಸರಿಯಾಯಿತೋ, ಇದ್ದದ್ದನ್ನೂ ಕಳೆದುಕೊಂಡೆನೋ ಅವಳಿಗೆ ಗೊತ್ತಾಗಲಿಲ್ಲ.

ಮುರ್ತುಜಸಾಬ ಏನಾದರೂ ಮಾತಾಡಬೇಕೆಂದು, "ಹಾಕೂದ್ಹೆಂಗ್ರಿ ಅವ್ವಾರ ಮತ್ತ? ಬ್ಯಾಡಂದ್ರ ಕರೀ ಕಲ್ಲ ಕೊರಸ್ತೇನಿ, ಸೋಮವಾರದೊಳಗ ಮುಟ್ಟಸ್ತೇನಿ," ಎಂದ.

"ಆ ಊರೂ ಮುಳಗಿತ್ತೇನಪಾ?" ಎಂದಳು ಶಿವಲಿಂಗವ್ವ.

"ಯಾವುದ್ರಿ?"

"ಈ ಕಲ್ಲಿನ ಊರು. ನೀರಿನ ಹುಳ ಹೊಕ್ಕಾವಲ್ಲ."

ಮುರ್ತುಜಸಾಬ ಮಹೇಶ್ವರಿಯ ಕಡೆ ನೋಡಿದ. ಅವಳು ಕಣ್ಣೊರೆಸಿಕೊಂಡು, "ಮುಳಗಿತ್ತಂತರಿ," ಎಂದಳು. "ಸಮುದ್ರದ ತಳದಾಗಿತ್ತಂತ. ಆಮ್ಯಾಲೆ ಮೆಲ್ಲಕ ಮ್ಯಾಲೆ ಬಂತಂತ. ಪದ್ಮಶ್ರೀ ಹೇಳಿದ್ಲು."

"ಮ್ಯಾಲೆ ಬಂತು?"

"ಹೂನ್ರಿ."

"ಎಷ್ಟ ದಿನಕ್ಕ ಬಂತು?"

ಕೋಟಿ ವರ್ಷ ಎಂಬುದು ಮಹೇಶ್ವರಿಯ ಬಾಯಿಯ ತನಕ ಬಂದಿತ್ತು. ಇನ್ನು ಸುಳ್ಳು ಹೇಳಬಾರದು ಎಂದುಕೊಂಡವಳು ಅತ್ತೆಯ ಮುಖ ನೋಡಿ, "ಭಾಳ ದಿನಕ್ರಿ," ಎಂದಳು. ಅದು ಖರೆಯೋ ಸುಳ್ಳೋ ಅವಳಿಗೇ ತಿಳಿಯಲಿಲ್ಲ.

ಶಿವಲಿಂಗವ್ವ ಸ್ಟೂಲನ್ನು ಕಲ್ಲಿನ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಪುಡಿ ತುಂಬಿದ ಅಕ್ಷರಗಳನ್ನು ನೋಡಿದಳು. ಅಕ್ಷರ ಕಲಿತವಳಲ್ಲ ಅವಳು.

"ಇದರಾಗ ನನ್ನ ಮಗಂದು ಯಾವುದು?"

ಮಹೇಶ್ವರಿ ತೋರಿಸಿದಳು. "ಲಿಂಗೈಕ್ಯ ಅಂತ ಮ್ಯಾಲೈತ್ರಿ. ಇದು ಅನಿಲಕುಮಾರ. ಅದರ ಮುಂದ ಮಾವಾರ ಹೆಸರು, ಕಡೀಕ ಅಡ್ಡಹೆಸರು, ಮುರನಾಳ."

"ಅವರದೂ ಹಾಕೀರೇನು?" ಶಿವಲಿಂಗವ್ವ ತಲೆ ಎತ್ತಿದಳು.

"ಹಾಕೂದ ಅಲ್ರಿ ಅವ್ವಾರ," ಎಂದ ಮುರ್ತುಜಸಾಬ. "ಮಗನ ಹೆಸರ ಬರದ ಮ್ಯಾಲೆ ಅಪ್ಪಂದ ಬಿಡಾಕ ಬರ್ತೈತೇನು?"

"ಎಲ್ಲೈತಿ? ತೋರಸು."

ಮಹೇಶ್ವರಿ ಅತ್ತೆಯ ತೋರುಬೆರಳು ಹಿಡಿದು ಕಲ್ಲಿನ ಮೇಲೆ ಇಟ್ಟಳು. ಒಂದೊಂದೇ ಅಕ್ಷರದ ಗುಂಟ ನಡೆಸಿದಳು. "ಇದು 'ಈ' ರಿ. ಇದು 'ರ'. ಇದು 'ಪ್ಪ'."

ಗಂಡನ ಹೆಸರನ್ನು ಶಿವಲಿಂಗವ್ವ ಮದುವೆಯ ದಿನ ಗೆಳತಿಯರು ಬಾಗಿಲಿಗೆ ಅಡ್ಡ ನಿಂತಾಗ ಒಡಪಿನಲ್ಲಿ ಒಂದು ಸಲ ಹೇಳಿದ್ದು. ಆಮೇಲೆ ಅವನಿರುವ ತನಕವೂ ಹೇಳಲಿಲ್ಲ, ಹೋದ ಮೇಲೂ ಹೇಳಲಿಲ್ಲ. ಈಗ ಬೆರಳು ಅದರ ಕೊನೆಗೆ ಬಂದು ನಿಂತಿತು. ಅವಳು ಅದನ್ನು ತಿರುಗಿ ಮೊದಲಿಗೆ ತಂದಳು. ಮತ್ತೊಮ್ಮೆ ಹೋಗಿ ನಿಂತಳು.

"ಬರೀ ಮೂರ?"

"ಹೂನ್ರಿ. ಮೂರ ಅಕ್ಷರ."

"ಇಷ್ಟ ಸಣ್ಣದೇನು," ಎಂದಳು ಮುದುಕಿ, ತನಗೆ ತಾನೇ ಹೇಳಿಕೊಂಡಂತೆ. ಆಮೇಲೆ ಮುರ್ತುಜಸಾಬನಿಗೆ, "ಇದನ್ನ ಹಾಕಪಾ," ಎಂದಳು.

ಪುಡಿ ತೊಳೆಯಲೆಂದು ಮಹೇಶ್ವರಿ ಬಕೀಟಿನ ಕಡೆ ಕೈ ಚಾಚಿದಾಗ ಅತ್ತೆ ಬೇಡವೆಂದು ತಡೆದಳು. ಪಕ್ಕದ ಜಾಗ ತೋರಿಸಿ, "ನೀ ಇಲ್ಲಿ ಕುಂದ್ರು," ಎಂದಳು. ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಬೆರಳಿಗೆ ಸುತ್ತಿಕೊಂಡು, 'ಈ' ಅಕ್ಷರದ ಸುತ್ತಿನೊಳಗಿನ ಪುಡಿಯನ್ನು ಮೆಲ್ಲಗೆ ತೆಗೆಯತೊಡಗಿದಳು. ಒದ್ದೆಯಾದ ಕಡೆ ಒಂದು ಬಸವನ ಹುಳ ಅರ್ಧ ಅಕ್ಷರದ ಒಳಗೆ, ಅರ್ಧ ಹೊರಗೆ ಕಾಣಿಸಿಕೊಂಡಿತು. ಅದನ್ನೂ ಒರೆಸಿ ಪಕ್ಕದ ಅಕ್ಷರಕ್ಕೆ ಹೋದಳು.